ಚಳಿಗಾಲದಲ್ಲಿ ಇಬ್ಬರೇ ಬ್ರೂಜ್‌ಗೆ: ಹಗಲಿಗೆ ಹೋಗಿ ಬರಬೇಡಿ, ರಾತ್ರಿ ಉಳಿಯಿರಿ

ಕಾಲುವೆದಾರಿ

ಬೆಲ್ಜಿಯಂನ ಬ್ರೂಜ್ ಬಗ್ಗೆ ಇಲ್ಲಿ ಆಗಾಗ ಒಂದೇ ಪ್ರಶ್ನೆ ಬರುತ್ತದೆ: ಬ್ರಸೆಲ್ಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಾ? ಬರಬಹುದು. ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ ಅಷ್ಟೇ. ಆದರೆ ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನಾನು, ನನ್ನ ಗಂಡ ನೆದರ್ಲೆಂಡ್ಸ್‌ನ ಆಮ್ಸ್ಟಲ್‌ವೀನ್‌ನಲ್ಲಿ ಇರುವವರು. ಜನವರಿಯ ಒಂದು ವಾರಾಂತ್ಯಕ್ಕೆ ಹೋಗಿ ಬಂದೆವು. ಹಳೇ ಊರಿನ ಒಳಗೇ ಉಳಿದುಕೊಂಡೆವು. ನಮ್ಮಿಬ್ಬರಿಗೂ ಆ ಊರು ಹಿಡಿಸಿದ್ದು ಸಂಜೆ ಐದರ ಮೇಲೆ ಮತ್ತು ಬೆಳಿಗ್ಗೆ ಹತ್ತರ ಒಳಗೆ. ನಡುಹಗಲಿನಲ್ಲಿ ನೋಡಿದ್ದು ಚೆನ್ನಾಗಿತ್ತು, ಆದರೆ ಫೋಟೋದಲ್ಲಿ ಮೊದಲೇ ನೋಡಿದ್ದ ಊರು ಅದು.

ಡಿಸೆಂಬರ್ ಕೊನೆ, ಜನವರಿ ಶುರುವಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ 8.45ರ ಸುಮಾರಿಗೆ. ಮುಳುಗುವುದು 4.45ರ ಆಸುಪಾಸು. ಹಗಲಿಗೆ ಬಂದವರು ಹತ್ತೂವರೆಗೆ ರೈಲು ಇಳಿಯುತ್ತಾರೆ, ಕತ್ತಲಾಗುತ್ತಿದ್ದಂತೆ ಸ್ಟೇಷನ್ ಕಡೆ ಹೊರಡುತ್ತಾರೆ. ಬೇಸಿಗೆಯಲ್ಲಾದರೆ ಅವರು ಹೋದ ಮೇಲೂ ನಾಲ್ಕೈದು ಗಂಟೆ ಬೆಳಕಿರುತ್ತದೆ, ಬೀದಿ ತುಂಬಾ ಜನ ಇರುತ್ತಾರೆ. ಚಳಿಗಾಲದಲ್ಲಿ ಆರು ಗಂಟೆಗೆ ಕಾಲುವೆ ಪಕ್ಕದ ಬೀದಿಗಳು ಖಾಲಿ. ಬೆಳಗಿನದು ಇನ್ನೂ ಒಳ್ಳೆಯದು. ಜುಲೈನಲ್ಲಿ ಸೂರ್ಯೋದಯ ನೋಡಬೇಕೆಂದರೆ ಐದೂವರೆಗೆಲ್ಲ ಹೊರಗಿರಬೇಕು. ಜನವರಿಯಲ್ಲಿ ಆರಾಮವಾಗಿ ಎದ್ದು, ಕಾಫಿ ಕುಡಿದು, ಎಂಟೂವರೆಗೆ ಹೊರಬಿದ್ದರೂ ಸಾಕು.

ರೋಜನ್‌ಹುಡ್‌ಕಾಯ್ ಅಂತ ಕಾಲುವೆ ತಿರುಗುವ ಒಂದು ಜಾಗ ಇದೆ. ಬ್ರೂಜ್‌ನ ಹತ್ತು ಫೋಟೋಗಳಲ್ಲಿ ಆರು ಅಲ್ಲಿಯವೇ. ಹಗಲಲ್ಲಿ ಅಲ್ಲಿ ಕಟ್ಟೆಗೆ ಒರಗಲೂ ಜಾಗ ಸಿಗುವುದಿಲ್ಲ. ಬೆಳಿಗ್ಗೆ ನಾವು ಹೋದಾಗ ನಾಯಿ ಕರೆದುಕೊಂಡು ಬಂದ ಒಬ್ಬರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅಲ್ಲಿ ನಿಂತು ನೋಡಿ: ಮನೆಗಳ ಇಟ್ಟಿಗೆ ಗೋಡೆ ನೇರ ನೀರಿಗೇ ಇಳಿಯುತ್ತದೆ. ನಡುವೆ ದಂಡೆ ಇಲ್ಲ. ನೀರು ತಾಗುವ ಮಟ್ಟದಲ್ಲಿ ಒಂದು ಹಸಿರು ಪಟ್ಟಿ, ಅದರ ಮೇಲೆ ಕೆಲವು ಕಡೆ ಸಣ್ಣ ಬಾಗಿಲು, ಮೂರು ನಾಲ್ಕು ಮೆಟ್ಟಿಲು. ಅಲ್ಲಿಗೇ ದೋಣಿ ಬಂದು ನಿಲ್ಲುತ್ತಿತ್ತು, ಸರಕು ಅಲ್ಲಿಂದಲೇ ಮನೆಯೊಳಗೆ ಹೋಗುತ್ತಿತ್ತು ಅಂತ ನೋಡಿದರೆ ಸಾಕು, ಗೊತ್ತಾಗುತ್ತದೆ.

ಊಟ, ಮ್ಯೂಸಿಯಂ, ಚಳಿ ಬಗ್ಗೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಹೋಗಿ ಬಂದವರು ನಿಮ್ಮದನ್ನೂ ಸೇರಿಸಿ.

ಮಲೆನಾಡಹುಡುಗ

ಒಳ್ಳೆ ಸಮಯಕ್ಕೆ ಬರೆದಿದ್ದೀರಿ. ನಾವಿಬ್ಬರೂ ಬೆಂಗಳೂರಿನಿಂದ ಫೆಬ್ರವರಿಯಲ್ಲಿ ಬರಬೇಕು ಅಂತಿದ್ದೇವೆ. ಹೆಂಡತಿಗೆ ಹಿಮ ನೋಡಬೇಕು ಅಂತ ಆಸೆ. ಬ್ರೂಜ್‌ನಲ್ಲಿ ಸಿಗುತ್ತದಾ? ಮತ್ತೆ ವೀಸಾಕ್ಕೆ ಎಷ್ಟು ಮುಂಚೆ ಶುರು ಮಾಡಬೇಕು?

ಕಾಲುವೆದಾರಿ

ಹಿಮ ನೋಡಲಿಕ್ಕೇ ಬರುವುದಾದರೆ ಬ್ರೂಜ್ ಬೇಡ. ಸಮುದ್ರ ತುಂಬಾ ಹತ್ತಿರ, ಹಿಮ ಬೀಳುವುದು ಅಪರೂಪ, ಬಿದ್ದರೂ ಬೇಗ ಕರಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಸರಾಸರಿ ಮೂರು ನಾಲ್ಕು ಡಿಗ್ರಿ ಇರುತ್ತದೆ. ಅಂಕಿ ನೋಡಿದರೆ ದೊಡ್ಡ ಚಳಿ ಅನ್ನಿಸಲ್ಲ. ಆದರೆ ಅದು ಒದ್ದೆ ಚಳಿ. ಮಡಿಕೇರಿಯಲ್ಲಿ ಜುಲೈ ತಿಂಗಳು ಬಟ್ಟೆ ಒಣಗದೆ ಇರುತ್ತದಲ್ಲ, ಆ ತೇವಕ್ಕೆ ನಾರ್ತ್ ಸೀ ಗಾಳಿ ಸೇರಿಸಿಕೊಳ್ಳಿ. ದಪ್ಪ ಸ್ವೆಟರ್ ಒಂದಕ್ಕಿಂತ ಗಾಳಿ ಮತ್ತು ನೀರು ತಡೆಯುವ ಜಾಕೆಟ್ ಮುಖ್ಯ. ಕಿವಿ ಮುಚ್ಚಬೇಕು. ಶೂ ಅಡಿಭಾಗ ಜಾರದಂತಿರಲಿ, ಬೀದಿಗಳೆಲ್ಲ ಕಲ್ಲುಹಾಸು, ಮಳೆ ಬಂದರೆ ನುಣ್ಣಗಾಗುತ್ತವೆ.

ವೀಸಾ: ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕೊನೆಗೆಂದರೆ 15 ದಿನ ಇರುವಾಗ. ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ ಅಷ್ಟಾಗಿದೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಇರಬೇಕು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಬರೀ ಬ್ರೂಜ್‌ಗಾಗಿ ಬೆಂಗಳೂರಿನಿಂದ ಬರುವುದು ದೂರವಾಯಿತು. ಗೆಂಟ್, ಆಂಟ್‌ವರ್ಪ್ ಸೇರಿಸಿಕೊಳ್ಳಿ.

ಗೆಂಟ್‌ಸೈಕಲ್

ಗೆಂಟ್ ಹೆಸರು ಬಂತಲ್ಲ, ಹಾಗಾಗಿ ಬರೆಯಲೇಬೇಕು. ನಾನು ಇಲ್ಲೇ ಓದುತ್ತಿದ್ದೇನೆ. ನನ್ನ ಮಾತು ಏನೆಂದರೆ: ಗೆಂಟ್‌ನಲ್ಲಿ ಉಳಿಯಿರಿ, ಬ್ರೂಜ್‌ಗೆ ಹೋಗಿ ಬನ್ನಿ. ರೈಲಿನಲ್ಲಿ ಅರ್ಧ ಗಂಟೆಯೂ ಬೇಕಾಗಲ್ಲ. ಗೆಂಟ್‌ನಲ್ಲೂ ಕಾಲುವೆ ಇದೆ, ಕೋಟೆ ಇದೆ, ಸೇಂಟ್ ಬಾವೋ ಚರ್ಚ್‌ನಲ್ಲಿ ವಾನ್ ಐಕ್ ಅಣ್ಣತಮ್ಮಂದಿರ 1432ರ ಆ ದೊಡ್ಡ ಚಿತ್ರ ಇದೆ. ಮೇಲಾಗಿ ವಿದ್ಯಾರ್ಥಿಗಳ ಊರು. ಸಂಜೆ ಏಳಕ್ಕೆ ಬೀದಿಯಲ್ಲಿ ಜೀವ ಇರುತ್ತದೆ. ಬ್ರೂಜ್‌ನಲ್ಲಿ ಜನವರಿ ರಾತ್ರಿ ಎಂಟಕ್ಕೆ ಇಬ್ಬರು ಏನು ಮಾಡುತ್ತಾರೆ?

ಕಾಲುವೆದಾರಿ

ನಡೆಯುತ್ತಾರೆ. ನಿಜವಾಗಿ ಹೇಳುತ್ತಿದ್ದೇನೆ. ನಾವಿಬ್ಬರೂ ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಮನೆಗೆ ಬಂದು ಅಡುಗೆ, ಪಾತ್ರೆ, ಊರಿಗೆ ಫೋನ್ ಅಂತ ಮುಗಿಸುವವರು. ಒಬ್ಬರ ಜೊತೆ ಒಬ್ಬರು ಸುಮ್ನೆ ಮಾತಾಡಿಕೊಂಡು ನಡೆಯುವುದಕ್ಕೆ ಸಮಯ ಸಿಗುವುದೇ ಇಲ್ಲ. ಬ್ರೂಜ್‌ನ ಹಳೇ ಊರು ಸಣ್ಣದು, ದಾರಿ ತಪ್ಪಿದರೂ ಹತ್ತು ನಿಮಿಷಕ್ಕೆ ಯಾವುದಾದರೂ ಗೋಪುರ ಕಾಣುತ್ತದೆ. ಟ್ರಾಫಿಕ್ ಕಮ್ಮಿ. ಮಾರ್ಕ್ಟ್ ಚೌಕದ ಗಂಟೆ ಗೋಪುರದಲ್ಲಿ ಕಾಲು ಗಂಟೆಗೊಮ್ಮೆ ಗಂಟೆಗಳು ಒಂದು ಸಣ್ಣ ರಾಗ ನುಡಿಸುತ್ತವೆ. ಹಗಲಲ್ಲಿ ಕುದುರೆ ಗಾಡಿ, ಸೂಟ್‌ಕೇಸ್ ಚಕ್ರ, ಗುಂಪಿನ ಗೈಡ್‌ಗಳ ಸದ್ದಿನಲ್ಲಿ ಅದು ಅಷ್ಟಾಗಿ ಕೇಳಿಸಲ್ಲ. ರಾತ್ರಿ ಊರಿನ ಆಚೆ ತುದಿಗೂ ಕೇಳುತ್ತದೆ.

ಗೆಂಟ್ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಉಲ್ಟಾ ಮಾಡಿ ಅಂತ ಹೇಳುತ್ತಿದ್ದೇನೆ. ಬ್ರೂಜ್‌ನಲ್ಲಿ ಜನ ಜಾಸ್ತಿ ಇರುವ ನಡುಹಗಲಿಗೆ ಗೆಂಟ್‌ಗೆ ಹೋಗಿ, ಕತ್ತಲಾಗುವಾಗ ವಾಪಸ್ ಬನ್ನಿ. ಗೆಂಟ್ ಹಗಲಲ್ಲೂ ಗೆಂಟೇ. ಬ್ರೂಜ್ ಹಾಗಲ್ಲ.

ಇನ್ನೊಂದು ವಿಷಯ. ಈ ಊರಿನ ಆಡಳಿತವೇ ಹಗಲಿಗೆ ಬಂದು ಹೋಗುವವರ ಗದ್ದಲಕ್ಕೆ ಬೇಸತ್ತಿದೆ. ಪಕ್ಕದ ಜೀಬ್ರೂಜ್ ಬಂದರಿಗೆ ದೊಡ್ಡ ಹಡಗು ಬಂದ ದಿನ ಸಾವಿರಾರು ಜನ ಒಟ್ಟಿಗೆ ಇಳಿಯುತ್ತಾರೆ. 2019ರಲ್ಲಿ ಅಲ್ಲಿನ ಮೇಯರ್ ಹಡಗುಗಳಿಗೆ ಮಿತಿ ಹಾಕುತ್ತೇವೆ, ಹಗಲು ಪ್ರವಾಸದ ಜಾಹೀರಾತು ನಿಲ್ಲಿಸುತ್ತೇವೆ ಅಂತ ಹೇಳಿದ್ದರು. ರಾತ್ರಿ ಉಳಿಯುವವರು ಬರಲಿ ಅನ್ನುವುದು ಅವರ ಆಸೆ.

ಹಳೇಸೇತುವೆ

ನಾನು ಸಿವಿಲ್ ಎಂಜಿನಿಯರ್, ಒಂದು ಪ್ರಶ್ನೆ ಎತ್ತುತ್ತೇನೆ. ಬ್ರೂಜ್ ಅಂದರೆ ಎಲ್ಲರೂ ಮಧ್ಯಯುಗದ ಊರು ಅನ್ನುತ್ತಾರೆ. ಅದರಲ್ಲಿ ಎಷ್ಟು ನಿಜವಾದ ಹಳೆಯದು? ಎಲ್ಲರೂ ಫೋಟೋ ತೆಗೆಯುವ ಆ ಪುಟ್ಟ ಬೋನಿಫೇಸಿಯಸ್ ಸೇತುವೆ ಕಟ್ಟಿದ್ದು 20ನೇ ಶತಮಾನದ ಶುರುವಿನಲ್ಲಿ. ಮಾರ್ಕ್ಟ್ ಚೌಕದ ಪೂರ್ವಕ್ಕಿರುವ ಪ್ರಾಂತೀಯ ಅರಮನೆ 19ನೇ ಶತಮಾನದ ಕೊನೆಯಲ್ಲಿ ಶುರುವಾದದ್ದು. ಆ ಕಾಲದಲ್ಲಿ ಮಧ್ಯಯುಗದ ಗಾಥಿಕ್ ಶೈಲಿಯಲ್ಲೇ ಹೊಸದಾಗಿ ಕಟ್ಟುವ, ಇದ್ದದ್ದನ್ನೂ ಹಾಗೇ ತಿದ್ದುವ ಹುಮ್ಮಸ್ಸು ಊರಿಡೀ ಇತ್ತು.

ಇದನ್ನು ತಿಳಿದುಕೊಂಡು ನೋಡಿದರೆ ಊರು ಸಣ್ಣದಾಗಲ್ಲ ಅಂತ ನನ್ನ ಅಭಿಪ್ರಾಯ. ಆ ಪ್ರಾಂತೀಯ ಅರಮನೆಯ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಲೂಯಿ ಡೆಲಸೆನ್ಸೆರಿ ಬ್ರೂಜ್‌ನವರೇ. ಆಂಟ್‌ವರ್ಪ್‌ನ ದೊಡ್ಡ ಗುಮ್ಮಟದ ರೈಲ್ವೆ ಸ್ಟೇಷನ್, 1905ರದ್ದು, ಅದೂ ಅವರದೇ. ನೆದರ್ಲೆಂಡ್ಸ್‌ನಿಂದ ಬರುವವರು ರೈಲು ಬದಲಿಸುವುದು ಅಲ್ಲೇ ಅಲ್ವಾ? ಮುಂದಿನ ರೈಲಿಗೆ ಓಡುವ ಮುಂಚೆ ತಲೆ ಎತ್ತಿ ನೋಡಿ.

ಬಣ್ಣದಬುಟ್ಟಿ

@ಹಳೇಸೇತುವೆ, ಒಳ್ಳೆ ಮಾತು. ಆದರೆ ಆ ಪ್ರಾಂತೀಯ ಅರಮನೆಯ ಜಾಗದಲ್ಲಿ ಮುಂಚೆ ಏನಿತ್ತು ಅಂತ ಗೊತ್ತಾ? ವಾಟರ್‌ಹಾಲ್ ಅಂತ ಒಂದು ಭಾರಿ ಮಾಡು ಹಾಕಿದ ಸರಕು ಮನೆ. ಕಾಲುವೆ ಅದರ ಅಡಿಗೇ ಬರುತ್ತಿತ್ತು. ದೋಣಿಗಳು ಊರಿನ ನಡು ಚೌಕಕ್ಕೇ ಬಂದು, ಮಳೆಗೆ ನೆನೆಯದೆ ಉಣ್ಣೆ, ಬಟ್ಟೆ, ಮಸಾಲೆ ಇಳಿಸುತ್ತಿದ್ದವು. 18ನೇ ಶತಮಾನದ ಕೊನೆಯಲ್ಲಿ ಅದನ್ನು ಕೆಡವಿದರು.

ಊರು ಹೀಗೆ ಉಳಿದದ್ದಕ್ಕೆ ಕಾರಣ ಬಡತನ. 1134ರ ದೊಡ್ಡ ಬಿರುಗಾಳಿಯಲ್ಲಿ ಸಮುದ್ರ ಒಳನುಗ್ಗಿ ಜ್ವಿನ್ ಅನ್ನುವ ಜಲಮಾರ್ಗ ತೆರೆದುಕೊಂಡಿತು. ಹಡಗುಗಳು ಅದರಲ್ಲಿ ಒಳಗೆ ಬಂದವು. ಮುನ್ನೂರು ವರ್ಷ ಉತ್ತರ ಯುರೋಪಿನ ವ್ಯಾಪಾರವೆಲ್ಲ ಇಲ್ಲಿ ಸೇರುತ್ತಿತ್ತು. ಇಟಲಿಯ ಬ್ಯಾಂಕಿನವರು, ಜರ್ಮನಿಯ ಹಾನ್ಸಾ ಒಕ್ಕೂಟದ ವರ್ತಕರು ಎಲ್ಲರಿಗೂ ಇಲ್ಲಿ ಮನೆ ಇತ್ತು. ಆಮೇಲೆ ಅದೇ ಜ್ವಿನ್ ಹೂಳು ತುಂಬಿತು. 15ನೇ ಶತಮಾನದ ಕೊನೆಗೆ ದೊಡ್ಡ ಹಡಗು ಬರುವುದು ಕಷ್ಟವಾಯಿತು. ಅದೇ ಹೊತ್ತಿಗೆ ರಾಜಕೀಯ ಜಗಳ. 1488ರಲ್ಲಿ ಊರಿನವರು ತಮ್ಮ ಒಡೆಯ ಮ್ಯಾಕ್ಸಿಮಿಲಿಯನ್‌ನನ್ನೇ ಮಾರ್ಕ್ಟ್ ಚೌಕದ ಒಂದು ಮನೆಯಲ್ಲಿ ಕೂಡಿಹಾಕಿದ್ದರು. ವರ್ತಕರು ಆಂಟ್‌ವರ್ಪ್‌ಗೆ ಹೋದರು, ದುಡ್ಡೂ ಹೋಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಊರಿನ ಕೈಯಲ್ಲಿ ಹಣ ಇರಲಿಲ್ಲ. 2000ದಲ್ಲಿ ಹಳೇ ಊರು ಪೂರ್ತಿ ಯುನೆಸ್ಕೋ ಪಟ್ಟಿಗೆ ಸೇರಿತು.

ಸಂಜೆಕಾಫಿ

ಇತಿಹಾಸ ಚೆನ್ನಾಗಿದೆ. ನಾನು ಬೇರೆ ಮಾತು ಹೇಳುತ್ತೇನೆ. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ, ವಿಂಟರ್ ಗ್ಲೋ ಅನ್ನುವ ಚಳಿಗಾಲದ ಉತ್ಸವ ನಡೆಯುವಾಗ. ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದ ಹೊತ್ತಿನವರೆಗೆ ಇರುತ್ತದೆ. ಮಾರ್ಕ್ಟ್‌ನಲ್ಲಿ, ಸೈಮನ್ ಸ್ಟೆವಿನ್ ಚೌಕದಲ್ಲಿ ಕ್ರಿಸ್‌ಮಸ್ ಅಂಗಡಿಗಳು, ಊರಿನಲ್ಲಿ ದೀಪದ ದಾರಿ. ಅದು ಬಿಟ್ಟು ಖಾಲಿ ಜನವರಿಗೆ ಹೋಗಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ಸಲ ಯುರೋಪಿಗೆ ಬರುವ ಜೋಡಿಗೆ ಆ ದೀಪ, ಬಿಸಿ ಚಾಕೊಲೇಟ್, ದಾಲ್ಚಿನ್ನಿ ವಾಸನೆ ಎಲ್ಲ ಬೇಕು.

ಕಾಲುವೆದಾರಿ

ಬೇಕಾದವರು ಖಂಡಿತ ಡಿಸೆಂಬರ್‌ನಲ್ಲೇ ಹೋಗಲಿ. ಆದರೆ ಶನಿವಾರ, ಭಾನುವಾರ ಬಿಟ್ಟು ಸೋಮವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ. ಡಿಸೆಂಬರ್ ಶನಿವಾರಗಳಂದು ಮಾರ್ಕ್ಟ್‌ನಲ್ಲಿ ಕಾಲಿಡಲು ಜಾಗ ಇರಲ್ಲ, ಹೋಟೆಲ್ ಬಾಡಿಗೆಯೂ ಜಾಸ್ತಿ. ಜನವರಿ ಎರಡನೇ ವಾರದಿಂದ ಬಾಡಿಗೆ ಇಳಿಯುತ್ತದೆ. ನಾವು ಬೇಸಿಗೆಯಲ್ಲಿ ಕೈಗೆಟುಕದ ಕಾಲುವೆ ನೋಟದ ಕೋಣೆಯನ್ನು ತೆಗೆದುಕೊಳ್ಳಲು ಆಗಿದ್ದು ಅದರಿಂದಲೇ.

ಜನವರಿಯ ಕೊರತೆಯನ್ನೂ ಹೇಳಬೇಕು. ಕಾಲುವೆ ದೋಣಿಗಳು ಮಾರ್ಚ್‌ನಿಂದ ನವೆಂಬರ್ ನಡುವಿನವರೆಗೆ ದಿನವೂ ಇರುತ್ತವೆ. ಚಳಿಗಾಲದಲ್ಲಿ ಹಾಗಿಲ್ಲ, ಹವಾಮಾನ ನೋಡಿಕೊಂಡು ಬಿಡುತ್ತಾರೆ. ದೋಣಿ ಸವಾರಿಯೇ ನಿಮ್ಮ ಕನಸಾದರೆ ಏಪ್ರಿಲ್‌ಗೆ ಹೋಗಿ. ಕೆಲವು ಸಣ್ಣ ರೆಸ್ಟೋರೆಂಟ್‌ಗಳು ಜನವರಿಯಲ್ಲಿ ಬಾಗಿಲು ಹಾಕಿ ತಾವೂ ರಜೆಗೆ ಹೋಗುತ್ತವೆ.

ಮತ್ತೆ ಆ ಸೈಮನ್ ಸ್ಟೆವಿನ್ ಚೌಕದ ಪ್ರತಿಮೆಯನ್ನು ಅಂಗಡಿಗಳ ನಡುವೆ ಮರೆಯಬೇಡಿ. 1548ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಗಣಿತಜ್ಞ. 1585ರಲ್ಲಿ ದಶಮಾಂಶ ಭಿನ್ನರಾಶಿಯ ಬಗ್ಗೆ ಸಣ್ಣ ಪುಸ್ತಕ ಬರೆದು, ಅದನ್ನು ವ್ಯಾಪಾರಿಗಳಿಗೂ ಅಳತೆಯವರಿಗೂ ಅರ್ಥವಾಗುವ ಹಾಗೆ ಮಾಡಿದವನು. ನಮ್ಮಲ್ಲಿ ಹುಟ್ಟಿದ ಸ್ಥಾನಬೆಲೆಯ ಲೆಕ್ಕ ಅರಬ್ಬರ ಮೂಲಕ ಇಲ್ಲಿಗೆ ಬಂದು, ಈ ಊರಿನವನ ಕೈಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನನಗೆ ಅಲ್ಲಿ ನಿಂತಾಗ ನಿಜಕ್ಕೂ ಖುಷಿಯಾಯಿತು.

ತೊಂಡೆಕಾಯಿ

ಎಲ್ಲರೂ ಗೋಪುರ, ಚಿತ್ರ ಅಂತಿದ್ದೀರಿ. ಸಸ್ಯಾಹಾರಿಗಳಿಗೆ ಒಂದು ಮುಖ್ಯ ಮಾತು ಹೇಳಲೇಬೇಕು. ಬೆಲ್ಜಿಯಂನ ಫ್ರೈಸ್ ಬರೀ ಆಲೂಗಡ್ಡೆ ಅಂತ ಕಣ್ಣುಮುಚ್ಚಿ ತಿನ್ನಬೇಡಿ. ಇಲ್ಲಿ ಹಳೇ ಪದ್ಧತಿಯಲ್ಲಿ ಅದನ್ನು ದನದ ಕೊಬ್ಬಿನಲ್ಲೇ ಕರಿಯುತ್ತಾರೆ, ಅದೂ ಎರಡು ಸಲ. ಈಗ ಸಸ್ಯದ ಎಣ್ಣೆ ಬಳಸುವ ಅಂಗಡಿಗಳೂ ಇವೆ, ಆದರೆ ಪ್ರತಿ ಕಡೆ ಕೇಳಬೇಕು. ಇಂಗ್ಲಿಷ್‌ನಲ್ಲಿ ಕೇಳಿದರೆ ಸಾಕು, ಬೇಜಾರಿಲ್ಲದೆ ಹೇಳುತ್ತಾರೆ. ಮಾರ್ಕ್ಟ್‌ನ ಗಂಟೆ ಗೋಪುರದ ಕೆಳಗೆ ಹಸಿರು ಗಾಡಿಗಳು ನಿಂತಿರುತ್ತವೆ, ಅಲ್ಲಿಯೂ ಕೇಳಿ ತಗೊಳ್ಳಿ.

ಧೈರ್ಯವಾಗಿ ತಿನ್ನಬಹುದಾದದ್ದು ಚೀಸ್ ಕ್ರೊಕೆಟ್. ಹೊರಗೆ ಗರಿಗರಿ, ಒಳಗೆ ಕರಗಿದ ಚೀಸ್. ಮೊಟ್ಟೆ ಬಿಟ್ಟವರಿಗೆ ಅದೂ ಆಗಲ್ಲ, ವಾಫಲ್ ಕೂಡ ಆಗಲ್ಲ. ಪಕ್ಕದಲ್ಲೇ ಅದೇ ಆಕಾರದ ಸೀಗಡಿ ಕ್ರೊಕೆಟ್ ಇರುತ್ತದೆ, ಎರಡೂ ಸೇರಿಸಿ ತಟ್ಟೆಗೆ ಹಾಕಿ ಕೊಡುವುದೂ ಉಂಟು. ಹಾಗಾಗಿ ಸ್ಪಷ್ಟವಾಗಿ ಹೇಳಿ. ಚಳಿಗಾಲದ ತರಕಾರಿ ವಿಟ್‌ಲೋಫ್, ಕತ್ತಲಲ್ಲಿ ಬೆಳೆಸಿದ ಬಿಳಿ ಎಲೆಯ ಮೊಗ್ಗು, ಸ್ವಲ್ಪ ಕಹಿ. ಹಾಗಲ ಇಷ್ಟಪಡುವವರಿಗೆ ಹಿಡಿಸುತ್ತದೆ. ಆದರೆ ಅದನ್ನು ಸಾಮಾನ್ಯವಾಗಿ ಹಂದಿ ಮಾಂಸದಲ್ಲಿ ಸುತ್ತಿ ಬೇಯಿಸುತ್ತಾರೆ. ಸೂಪ್‌ಗೆ ಯಾವ ಸಾರು ಹಾಕಿದ್ದಾರೆ ಅಂತಲೂ ಕೇಳಿ.

ಗೆಂಟ್‌ಸೈಕಲ್

ಊಟದ ವಿಷಯದಲ್ಲಿ ಗೆಂಟ್ ಗೆಲ್ಲುತ್ತದೆ. 2009ರಿಂದ ಗುರುವಾರ ಸಸ್ಯಾಹಾರದ ದಿನ ಅಂತ ಊರೇ ಪ್ರಚಾರ ಮಾಡಿಕೊಂಡು ಬಂದಿದೆ. ಇಲ್ಲಿ ಸಸ್ಯಾಹಾರ ಅಂದರೆ ಯಾರೂ ಹುಬ್ಬೇರಿಸಲ್ಲ.

ತೊಂಡೆಕಾಯಿ

ಅದು ನಿಜ. ಮಧ್ಯಾಹ್ನದ ಊಟಕ್ಕೆ ಗೆಂಟ್, ರಾತ್ರಿಗೆ ಬ್ರೂಜ್ ಅನ್ನುವ ಕಾಲುವೆದಾರಿಯವರ ಲೆಕ್ಕ ಹೊಟ್ಟೆಗೂ ಸರಿಹೊಂದುತ್ತದೆ.

ಬಣ್ಣದಬುಟ್ಟಿ

ಮಳೆ ಬಂದ ದಿನಕ್ಕೆ ಮ್ಯೂಸಿಯಂ ಅಂತ ಬಿಡಬೇಡಿ, ಮೊದಲೇ ಜಾಗ ಕೊಡಿ. ಸಮಯ ಕಮ್ಮಿ ಇದ್ದರೆ ಎರಡೇ ನೋಡಿ, ನಿಧಾನವಾಗಿ ನೋಡಿ.

ಮೊದಲನೆಯದು ಗ್ರೂನಿಂಗೆ ಮ್ಯೂಸಿಯಂನಲ್ಲಿರುವ ವಾನ್ ಐಕ್ ಚಿತ್ರ. 1436ರದ್ದು. ಮೇರಿ ಮಗುವನ್ನು ಹಿಡಿದು ಕೂತಿದ್ದಾಳೆ, ಪಕ್ಕದಲ್ಲಿ ಬಿಳಿ ನಿಲುವಂಗಿಯ ವಯಸ್ಸಾದ ಪಾದ್ರಿ ವಾನ್ ಡೆರ್ ಪಾಲೆ ಮಂಡಿಯೂರಿದ್ದಾರೆ. ಚಿತ್ರ ಬರೆಸಿದವರು ಅವರೇ. ಕೈಯಲ್ಲಿ ಪ್ರಾರ್ಥನೆ ಪುಸ್ತಕ, ಜೊತೆಗೆ ಕನ್ನಡಕ. ಮುಖದ ಸುಕ್ಕು, ಉಬ್ಬಿದ ನರ ಒಂದನ್ನೂ ಬಿಟ್ಟಿಲ್ಲ. ಮಗುವಿನ ಹತ್ತಿರ ಒಂದು ಹಸಿರು ಗಿಣಿ ಇದೆ, ಅದನ್ನು ನೋಡಿ. ಆಮೇಲೆ ಬಲಗಡೆ ನಿಂತ ಸೇಂಟ್ ಜಾರ್ಜ್‌ನ ಕವಚಕ್ಕೆ ಬನ್ನಿ. ಆ ಹೊಳಪಿನಲ್ಲಿ ಸಣ್ಣದಾಗಿ ಒಬ್ಬ ಮನುಷ್ಯನ ಪ್ರತಿಬಿಂಬ ಇದೆ. ಅದು ಚಿತ್ರಕಾರನೇ ಅಂತ ಹೇಳುತ್ತಾರೆ. ಬೇಸಿಗೆಯಲ್ಲಿ ಅದರ ಮುಂದೆ ಎರಡು ನಿಮಿಷ ನಿಂತರೆ ಹಿಂದಿನವರು ಕೆಮ್ಮುತ್ತಾರೆ. ಚಳಿಗಾಲದಲ್ಲಿ ಯಾರ ಅವಸರವೂ ಇಲ್ಲದೆ ನಿಲ್ಲಬಹುದು.

ಎರಡನೆಯದು ಅವರ್ ಲೇಡಿ ಚರ್ಚ್‌ನಲ್ಲಿರುವ ಮೈಕೆಲಾಂಜೆಲೊನ ಶಿಲ್ಪ. ಇಟ್ಟಿಗೆಯ ಗೋಪುರ 115 ಮೀಟರ್‌ಗೂ ಎತ್ತರ, ದೂರದಿಂದಲೇ ಕಾಣುತ್ತದೆ. ಒಳಗೆ ಬಿಳಿ ಅಮೃತಶಿಲೆಯ ತಾಯಿ, ಮಗು. ಅವನ ಬದುಕಿನ ಕಾಲದಲ್ಲೇ ಇಟಲಿ ಬಿಟ್ಟು ಹೊರಬಂದ ಅವನ ಶಿಲ್ಪ ಅದು. ಮೂಸ್ಕ್ರಾನ್ ಮನೆತನದ ಬಟ್ಟೆ ವ್ಯಾಪಾರಿಗಳು ಕೊಂಡು ತಂದರು. ಮಗು ತಾಯಿಯ ಮಡಿಲಲ್ಲಿ ಇಲ್ಲ. ಅವಳ ಮಂಡಿಗಳ ನಡುವೆ ನಿಂತು, ಈಗಲೋ ಆಗಲೋ ಕೆಳಗೆ ಹೆಜ್ಜೆ ಇಡುವ ಹಾಗಿದೆ. ಒಂದು ಕೈ ಮಾತ್ರ ತಾಯಿಯ ಕೈಯಲ್ಲಿ. ಅವಳು ಮಗುವನ್ನು ನೋಡುತ್ತಿಲ್ಲ, ಕೆಳಗೆ ಎಲ್ಲೋ ನೋಡುತ್ತಿದ್ದಾಳೆ.

ಈ ಶಿಲ್ಪವನ್ನು ಎರಡು ಸಲ ಹೊತ್ತೊಯ್ದಿದ್ದಾರೆ. 1794ರಲ್ಲಿ ಫ್ರೆಂಚರು ಪ್ಯಾರಿಸ್‌ಗೆ ಒಯ್ದರು, ನೆಪೋಲಿಯನ್ ಸೋತ ಮೇಲೆ ವಾಪಸ್ ಬಂತು. 1944ರ ಸೆಪ್ಟೆಂಬರ್‌ನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ಹಾಸಿಗೆಗಳಲ್ಲಿ ಸುತ್ತಿ, ರೆಡ್ ಕ್ರಾಸ್ ಗುರುತಿನ ಲಾರಿಯಲ್ಲಿ ಸಾಗಿಸಿದರು. ಮರುವರ್ಷ ಆಸ್ಟ್ರಿಯಾದ ಆಲ್ಟಾಸೀ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ಇದನ್ನೆಲ್ಲ ತಿಳಿದು ನೋಡಿದರೆ ಅದು ಇಲ್ಲೇ ಇದೆ ಅನ್ನುವುದೇ ದೊಡ್ಡದು ಅನ್ನಿಸುತ್ತದೆ.

ಅದೇ ಚರ್ಚ್‌ನಲ್ಲಿ ಈ ನಾಡನ್ನು ಆಳಿದ ಬರ್ಗಂಡಿಯ ಮೇರಿಯ ಸಮಾಧಿ ಇದೆ. 1482ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡಾಗ ಅವಳಿಗೆ ಇನ್ನೂ 25 ವರ್ಷ. ಅವಳ ಗಂಡನೇ ನಾನು ಮೇಲೆ ಹೇಳಿದ ಆ ಮ್ಯಾಕ್ಸಿಮಿಲಿಯನ್.

ಒಂದೊಂದು ಮ್ಯೂಸಿಯಂಗೆ ವಾರದಲ್ಲಿ ಒಂದೊಂದು ದಿನ ರಜೆ. ಕೋಣೆ ಬುಕ್ ಮಾಡುವ ಮುಂಚೆ ಅದನ್ನು ನೋಡಿಕೊಳ್ಳಿ.

ಮಲೆನಾಡಹುಡುಗ

ಓದುತ್ತಾ ಹೋದ ಹಾಗೆ ಹಿಮದ ಆಸೆ ಕಮ್ಮಿಯಾಗುತ್ತಿದೆ. ಹೆಂಡತಿಗೂ ಓದಿ ಹೇಳಿದೆ, ಬ್ರೂಜ್‌ನಲ್ಲೇ ಎರಡು ರಾತ್ರಿ ಅಂತ ತೀರ್ಮಾನ ಆಯಿತು. ಗಂಟೆ ಗೋಪುರ ಹತ್ತಬೇಕಾ? ಬಿಯರ್‌ಗೆ ಏನೋ ಪೈಪ್ ಇದೆ ಅಂತ ಕೇಳಿದ್ದೆ, ಅದು ನಿಜವಾ?

ಹಳೇಸೇತುವೆ

ಪೈಪ್ ನಿಜ. ಡೆ ಹಾಲ್ವೆ ಮಾನ್ ಅನ್ನುವ ಬಿಯರ್ ಮನೆ ಹಳೇ ಊರಿನ ನಡುವೆಯೇ ಇದೆ, 1856ರಿಂದ ಒಂದೇ ಕುಟುಂಬದ್ದು. ಬಾಟಲಿ ತುಂಬುವ ಘಟಕ ಊರಾಚೆ. ದಿನಾ ಟ್ಯಾಂಕರ್ ಲಾರಿಗಳು ಈ ಇಕ್ಕಟ್ಟು ಕಲ್ಲುಹಾಸಿನ ಬೀದಿಯಲ್ಲಿ ಓಡಾಡಬೇಕಾಗಿತ್ತು. ಅದನ್ನು ತಪ್ಪಿಸಲು ನೆಲದಡಿಯಲ್ಲಿ ಸುಮಾರು ಮೂರು ಕಿಲೋಮೀಟರ್ ಪೈಪ್ ಹಾಕಿ, 2016ರಲ್ಲಿ ಬಿಯರ್ ಹರಿಸಲು ಶುರು ಮಾಡಿದರು. ಖರ್ಚಿನ ಒಂದು ಪಾಲು ಜನರಿಂದಲೇ ಬಂತು, ದೊಡ್ಡ ಮೊತ್ತ ಕೊಟ್ಟವರಿಗೆ ಜೀವನಪೂರ್ತಿ ಬಿಯರ್. ಹಳೇ ಊರನ್ನು ಉಳಿಸಿಕೊಂಡು ಅದರೊಳಗೆ ಕೆಲಸವನ್ನೂ ಉಳಿಸಿಕೊಳ್ಳುವುದು ಹೇಗೆ ಅನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ. ಕುಡಿಯದವರೂ ಹೋಗಿ ನೋಡಬಹುದು.

ಗೋಪುರ 83 ಮೀಟರ್, 366 ಮೆಟ್ಟಿಲು. ಮೇಲೆ ಹೋದಂತೆ ಮೆಟ್ಟಿಲು ಕಿರಿದಾಗುತ್ತದೆ, ಎದುರಿನಿಂದ ಇಳಿಯುವವರಿಗೆ ಗೋಡೆಗೆ ಒತ್ತಿ ಜಾಗ ಕೊಡಬೇಕು. 47 ಗಂಟೆಗಳಿವೆ. ಅವನ್ನು ತಾನಾಗಿ ನುಡಿಸುವ ದೊಡ್ಡ ತಾಮ್ರಬಣ್ಣದ ಉರುಳೆ ಇದೆ, ಮೈತುಂಬಾ ಮೊಳೆಗಳು. ಕಾಲು ಗಂಟೆ ಆಗುವ ಹೊತ್ತಿಗೆ ಅದರ ಪಕ್ಕ ಇರುವ ಹಾಗೆ ನೋಡಿಕೊಳ್ಳಿ. ಒಮ್ಮೆಗೆ ಇಷ್ಟೇ ಜನ ಅಂತ ಬಿಡುತ್ತಾರೆ, ಹಾಗಾಗಿ ಸಮಯ ಮೊದಲೇ ಕಾದಿರಿಸಿ.

ಸಂಜೆಕಾಫಿ

ಭಾಷೆ ಬಗ್ಗೆ ಒಂದು ಮಾತು. ಬ್ರೂಜ್ ಡಚ್ ಮಾತಾಡುವ ಫ್ಲಾಂಡರ್ಸ್ ಕಡೆಯದು. ಬೆಲ್ಜಿಯಂ ಅಂದರೆ ಫ್ರೆಂಚ್ ಅಂದುಕೊಂಡು ಅಂಗಡಿಗೆ ಹೋಗಿ ಫ್ರೆಂಚ್ ಶುರು ಮಾಡಬೇಡಿ. ಇಂಗ್ಲಿಷ್ ನಡೆಯುತ್ತದೆ, ಎರಡು ಡಚ್ ಮಾತು ಕಲಿತರೆ ಇನ್ನೂ ಒಳ್ಳೆಯದು. ಮಾರ್ಕ್ಟ್ ನಡುವಿನ ಪ್ರತಿಮೆಯೂ ಅದೇ ಅಭಿಮಾನದ್ದು: 1302ರಲ್ಲಿ ಫ್ರೆಂಚ್ ರಾಜನ ವಿರುದ್ಧ ಎದ್ದ ಯಾನ್ ಬ್ರೈಡೆಲ್ ಮತ್ತು ಪೀಟರ್ ಡೆ ಕೋನಿಂಕ್. ಆ ವರ್ಷ ಜುಲೈ 11ರಂದು ಗೆದ್ದ ಯುದ್ಧದ ದಿನ ಇವತ್ತಿಗೂ ಫ್ಲಾಂಡರ್ಸ್‌ನ ಹಬ್ಬ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಲೆನಾಡಹುಡುಗ

ಸರಿ. ಸಂಜೆ ನಡೆಯುವ ದಾರಿ ಒಂದು ಹೇಳಿಬಿಡಿ. ನಮ್ಮ ಅತ್ತೆಯವರೂ ಬರಬಹುದು, ಅವರಿಗೆ ಮಂಡಿ ನೋವು.

ಕಾಲುವೆದಾರಿ

ಮಾರ್ಕ್ಟ್‌ನಿಂದ ಬುರ್ಗ್ ಚೌಕಕ್ಕೆ ಹೋಗಿ, ಎರಡು ನಿಮಿಷ. ಹಳೇ ನಗರಸಭೆ ಕಟ್ಟಡದ ಪಕ್ಕದ ಕಮಾನಿನಡಿ ಸಣ್ಣ ಓಣಿಯಲ್ಲಿ ಇಳಿದರೆ ಕಾಲುವೆ. ದಾಟಿದರೆ ಮೀನು ಮಾರುಕಟ್ಟೆಯ ಕಂಬಸಾಲು. ಬಲಕ್ಕೆ ತಿರುಗಿದರೆ ರೋಜನ್‌ಹುಡ್‌ಕಾಯ್, ಅಲ್ಲಿಂದ ಡೈವರ್ ದಂಡೆಯಲ್ಲಿ ಅವರ್ ಲೇಡಿ ಚರ್ಚ್ ತನಕ. ಇಷ್ಟು ನಿಧಾನಕ್ಕೆ ನಡೆದರೂ ಅರ್ಧ ಗಂಟೆ, ಹೆಚ್ಚುಕಮ್ಮಿ ಸಮತಟ್ಟು. ಅತ್ತೆಯವರಿಗೆ ಇದು ಸಾಕು.

ನಿಮ್ಮಿಬ್ಬರಿಗೆ ಇನ್ನೊಂದು ದಿಕ್ಕು: ಯಾನ್ ವಾನ್ ಐಕ್ ಚೌಕದಿಂದ ಸ್ಪೀಗಲ್‌ರೈ, ಆಮೇಲೆ ಲಾಂಗೆರೈ ದಂಡೆ ಹಿಡಿದು ಊರಂಚಿನ ಗಾಳಿಗಿರಣಿಗಳ ಕಡೆಗೆ. 1770ರ ಸಿಂಟ್ ಯಾನ್ಸ್‌ಹೌಸ್ ಗಿರಣಿ ಅಲ್ಲೇ ದಿಬ್ಬದ ಮೇಲಿದೆ. ಆ ಕಡೆ ಪ್ರವಾಸಿಗರು ಹಗಲಲ್ಲೂ ಕಮ್ಮಿ. ಪರದೆ ಹಾಕದ ಕಿಟಕಿಗಳಲ್ಲಿ ಜನ ಊಟ ಮಾಡುತ್ತಿರುವುದು ಕಾಣುತ್ತದೆ, ಇದು ಜನ ಬದುಕುತ್ತಿರುವ ಊರು ಅಂತ ಅಲ್ಲಿ ತಿಳಿಯುತ್ತದೆ. ಬೆಗೈನ್‌ಹೋಫ್ ಮಾತ್ರ ಸಂಜೆಗೆ ಇಡಬೇಡಿ, ರಾತ್ರಿ ಅದರ ಹೆಬ್ಬಾಗಿಲು ಮುಚ್ಚುತ್ತಾರೆ. 1245ರಲ್ಲಿ ಶುರುವಾದ ಹೆಂಗಸರ ವಸತಿ ಅದು. ಮದುವೆಯಾಗದೆ, ಸನ್ಯಾಸವನ್ನೂ ಪೂರ್ತಿ ತೆಗೆದುಕೊಳ್ಳದೆ ತಮ್ಮ ದುಡಿಮೆಯಲ್ಲೇ ಬದುಕಿದವರು. ಆಮೇಲೆ ಬೆನೆಡಿಕ್ಟೈನ್ ಸನ್ಯಾಸಿನಿಯರು ಅಲ್ಲಿಗೆ ಬಂದರು. ಒಳಗೆ ಜೋರಾಗಿ ಮಾತಾಡಬಾರದು. ಸ್ಟೇಷನ್‌ನಿಂದ ಊರಿಗೆ ನಡೆದು ಬರುವ ದಾರಿಯ ಹತ್ತಿರವೇ ಇದೆ, ಬಂದ ದಿನ ಅಥವಾ ಹೊರಡುವ ದಿನ ಬೆಳಿಗ್ಗೆ ನೋಡಿ.

ಅತ್ತೆಯವರು ಬರುವುದಾದರೆ ಕೋಣೆ ಬುಕ್ ಮಾಡುವ ಮುಂಚೆ ಲಿಫ್ಟ್ ಇದೆಯಾ ಅಂತ ಹೋಟೆಲ್‌ನವರಿಗೆ ಬರೆದು ಕೇಳಿ. ಕಾಲುವೆ ಪಕ್ಕದ ಹಳೇ ಮನೆಗಳಲ್ಲಿ ಹಲವಕ್ಕೆ ಇಲ್ಲ, ಮೆಟ್ಟಿಲು ತುಂಬಾ ಕಡಿದು. ಇಲ್ಲದಿದ್ದರೆ ನೆಲಮಹಡಿಯ ಕೋಣೆ ಕೇಳಿ. ಸ್ಟೇಷನ್‌ನಿಂದ ಮಾರ್ಕ್ಟ್‌ಗೆ ನಡೆದರೆ ಇಪ್ಪತ್ತು ನಿಮಿಷ, ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಎಳೆಯುವುದು ಅವರಿಗೆ ಕಷ್ಟ. ಸ್ಟೇಷನ್ ಮುಂದೆಯೇ ಊರೊಳಗೆ ಹೋಗುವ ಬಸ್ ನಿಲ್ಲುತ್ತದೆ, ಅದರಲ್ಲಿ ಹೋಗಿ.